ಆಸನ ಖಾಲಿ ಇತ್ತು

ಮನುಷ್ಯರ ಮಾತಿಗಿಂತ ಕಾರಿನ ಮಾತೇ ಹೆಚ್ಚು ಎಂಬ ಕಾಯ್ದೆ ಬಂದಾಗ ಹುಬ್ಬಳ್ಳಿಯಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಮನುಷ್ಯರು ಸುಳ್ಳು ಹೇಳುತ್ತಾರೆಂಬುದು ಎಲ್ಲರಿಗೂ ಸ್ವಂತ ಅನುಭವದಿಂದಲೇ ತಿಳಿದಿತ್ತು. ಕಾರಿಗೆ ಸುಳ್ಳು ಹೇಳಿ ಆಗಬೇಕಾದ್ದೇನು? ಅದಕ್ಕೆ ಹೆಂಡತಿಯಿಲ್ಲ, ಚುನಾವಣೆಯಿಲ್ಲ, ಬೀಗರಿಲ್ಲ. ಹೀಗಾಗಿ ಅಪಘಾತದ ಮೊಕದ್ದಮೆಗಳಲ್ಲಿ ಸಾಕ್ಷಿಗಳನ್ನು ಕರೆಸುವ ಪದ್ಧತಿ ಮೆಲ್ಲಗೆ ನಿಂತುಹೋಯಿತು. ಕಾರಿನೊಳಗಿನ ಪೆಟ್ಟಿಗೆಯನ್ನು ಬಿಚ್ಚುವುದು, ಅದು ಹೇಳಿದ್ದನ್ನು ಮುದ್ರಿಸುವುದು, ಕೆಳಗೆ ಸಹಿ ಹಾಕುವುದು, ಅಷ್ಟೇ.

ಜನ ಎಂದಿನಂತೆ ಹೊಂದಿಕೊಂಡರು. ಹೆಣ್ಣು ಕೊಡುವವರು ವರನ ಜಾತಕದ ಜೊತೆಗೆ ಅವನ ಕಾರಿನ ದಾಖಲೆಯನ್ನೂ ಕೇಳತೊಡಗಿದರು: ಮುಂದಿನ ಆಸನದಲ್ಲಿ ಯಾರು ಕೂತಿದ್ದರು, ಎಷ್ಟು ತೂಕದವರು, ಎಷ್ಟು ಹೊತ್ತು. ಕೆಲವು ಮುಖಂಡರು ದೇಹಾರೋಗ್ಯದ ನೆಪ ಹೇಳಿ ಸೈಕಲ್ ಹತ್ತಿದರು.

ಮುಂದಿನ ಆಸನದ ಮೆತ್ತೆಯ ಕೆಳಗೆ ಒಂದು ತೆಳು ಹಾಸು ಇರುತ್ತಿತ್ತು. ಮೇಲೆ ಬಿದ್ದ ಭಾರವನ್ನು ಅಲ್ಲಲ್ಲಿ ತೂಗಿ ಅದು ನಾಲ್ಕರಲ್ಲಿ ಒಂದು ಮಾತು ಹೇಳುತ್ತಿತ್ತು: ವಯಸ್ಕ, ಮಗು, ಸಾಮಾನು, ಖಾಲಿ. ಡಿಕ್ಕಿಯಾದರೆ ಎದುರಿನ ಏರ್‌ಬ್ಯಾಗ್ ಉಬ್ಬಬೇಕೋ ಬೇಡವೋ, ಉಬ್ಬಿದರೆ ಎಷ್ಟು ಜೋರಾಗಿ ಎಂಬುದು ಆ ಮಾತಿನ ಮೇಲೆ ನಿಂತಿತ್ತು. ವಿದ್ಯುತ್ ದೋಷವೇನಾದರೂ ಇದ್ದರೆ ಕೆಂಪು ದೀಪ ಹತ್ತುತ್ತಿತ್ತು. ಆಸನದಲ್ಲಿ ಮನುಷ್ಯರಿದ್ದು ದೀಪ ಹತ್ತಿದರೆ ಕಾರು ಐದು ನಿಮಿಷದೊಳಗೆ ತಾನಾಗಿ ನಿಲ್ಲಬೇಕು, ಇದೂ ಕಾಯ್ದೆಯೇ. ಖಾಲಿ ಆಸನಕ್ಕೆ ಆ ಕಾಯ್ದೆ ಇಲ್ಲ. ಯಾರೂ ಇಲ್ಲದಲ್ಲಿ ಯಾರನ್ನು ಕಾಪಾಡುವುದು?

ಗೋಕುಲ ರಸ್ತೆಯ ವಾಹನ ಸಾಕ್ಷ್ಯ ಕೇಂದ್ರದಲ್ಲಿ ಶಾಂಭವಿ ಪರೀಕ್ಷಕಿ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಟೆಕ್. ಓದಿದವಳು. ಮೂವತ್ತೊಂದು ವರ್ಷ. ನಾಲ್ಕು ತಿಂಗಳಿಂದ ವಿಧವೆ. ಸಹೋದ್ಯೋಗಿಗಳು ಅವಳ ಮುಂದೆ ಧ್ವನಿ ತಗ್ಗಿಸುತ್ತಿದ್ದರು. ಅದು ಮರುಕವೆಂದು ಅವರು ತಿಳಿದಿದ್ದರು. ಕೆಲಸ ಮಾಡದಿರಲು ಅವರಿಗೆ ಸಿಕ್ಕ ಇನ್ನೊಂದು ನೆಪವೆಂದು ಅವಳು ತಿಳಿದಿದ್ದಳು.

ಅವಳ ಗಂಡ ಶಿವಯೋಗಿ, ಮೈದುನ ಮಹಾಂತೇಶ ಸೇರಿ ಹಳೇ ಹುಬ್ಬಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಒಂದು ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ಗದಗಿನಿಂದ ಬರುತ್ತಿದ್ದಾಗ ಅಣ್ಣಿಗೇರಿ ದಾಟಿದ ಮೇಲೆ ಎಮ್ಮೆ ಅಡ್ಡ ಬಂತು. ಕಾರು ನಡೆಸುತ್ತಿದ್ದವನು ಮಹಾಂತೇಶ. ಪಕ್ಕದಲ್ಲಿದ್ದವನು ಶಿವಯೋಗಿ. ಇದು ಮಹಾಂತೇಶನ ಮಾತು.

ಕಾರಿನ ಮಾತು ಬೇರೆ. ಒಂಬತ್ತು ಹದಿನಾಲ್ಕಕ್ಕೆ ಕಾರು ಮೋರಿಯ ಕಲ್ಲಿಗೆ ಬಡಿದಾಗ ಮುಂದಿನ ಎಡ ಆಸನ ಖಾಲಿ. ಒಂಬತ್ತು ಇಪ್ಪತ್ತೊಂದಕ್ಕೆ ಅದೇ ಆಸನದಲ್ಲಿ ವಯಸ್ಕ, ಅರವತ್ತೆಂಟು ಕಿಲೋ.

ನಡುವಿನ ಏಳು ನಿಮಿಷವನ್ನು ಪೊಲೀಸರು ತುಂಬಿಸಿದರು. ಗಿರಣಿ ಪಾಲು ಮಾಡುವ ವಿಷಯಕ್ಕೆ ಅಣ್ಣ ತಮ್ಮ ಎರಡು ದಿನ ಮೊದಲು ಸಂತೆಯ ನಡುವೆ ಜಗಳವಾಡಿದ್ದರು, ನೋಡಿದವರು ನೂರು ಜನ. ತಮ್ಮ ಅಣ್ಣನನ್ನು ರಸ್ತೆಯಲ್ಲಿ ಇಳಿಸಿ, ಮುಂದೆ ಹೋಗಿ ತಿರುಗಿ ಬಂದು ಕಾರನ್ನು ಅವನ ಮೇಲೆ ಹಾಯಿಸಿ ಮೋರಿಗೆ ಗುದ್ದಿ, ಆಮೇಲೆ ಹೆಣವನ್ನು ತಂದು ಆಸನದಲ್ಲಿ ಇಟ್ಟಿದ್ದಾನೆ ಎಂದರು. "ಗಾಜು ಒಡಕೊಂಡು ಹೊರಗ ಬಿದ್ದಿದ್ದನ್ರಿ. ಬಿಸಿಲಾಗ ಹ್ಯಾಂಗ ಬಿಡಲಿ? ಎತ್ತಿ ತಂದು ಸೀಟಿನ್ಯಾಗ ಮಲಗಿಸಿದೆ" ಎಂದು ಮಹಾಂತೇಶ ಹೇಳುತ್ತಲೇ ಇದ್ದ. ಗಾಜು ಒಳಗಿನಿಂದ ಒಡೆಯಿತೋ ಹೊರಗಿನಿಂದಲೋ ಎಂದು ನೋಡುವ ಅಭ್ಯಾಸವೇ ಪೊಲೀಸರಿಗೆ ಹೋಗಿಬಿಟ್ಟಿತ್ತು. ಪೆಟ್ಟಿಗೆ ಹೇಳುತ್ತದಲ್ಲ. ಸೀಟ್‌ಬೆಲ್ಟು ಆಸನದ ಬೆನ್ನ ಹಿಂದಿನಿಂದ ಹೋಗಿ ಕ್ಲಿಪ್ಪಿಗೆ ಸಿಕ್ಕಿಕೊಂಡಿತ್ತು, ಅದೂ ಪೆಟ್ಟಿಗೆಯ ಮಾತಿಗೆ ಒದಗಿ ಬಂತು. ಬೆಲ್ಟಿನ ಕಿರಿಕಿರಿ ಗಂಟೆ ನಿಲ್ಲಿಸಲು ಹಾಗೆ ಹಿಂದೆ ಸಿಕ್ಕಿಸಿಕೊಂಡು ಕೂರುವ ಮೂರ್ಖರು ಊರ ತುಂಬ ಇದ್ದಾರೆ, ತನ್ನ ಗಂಡ ಅವರಲ್ಲಿ ಒಬ್ಬ ಎಂದು ಶಾಂಭವಿಗೆ ಗೊತ್ತಿತ್ತು.

ಆದರೂ ಮೂರನೆಯ ದಿನ ಪೊಲೀಸರು ಕಾಗದ ತಂದಾಗ ಅವಳು ಸಹಿ ಮಾಡಿದಳು. "ಯಂತ್ರದ ದಾಖಲೆಯನ್ನು ಒಪ್ಪುತ್ತೇನೆ." ಅಂಥ ನೂರಾರು ದಾಖಲೆಗಳು ಸತ್ಯವೆಂದು ಸ್ವತಃ ಬರೆದುಕೊಟ್ಟವಳು ಇದೊಂದು ಸುಳ್ಳೆಂದು ಯಾವ ಬಾಯಿಂದ ಹೇಳಬೇಕು?

ಮಹಾಂತೇಶ ಜೈಲಿನಲ್ಲಿದ್ದ. ವಿಚಾರಣೆ ಮುಗಿಯುತ್ತ ಬಂದಿತ್ತು. ಇನ್ನು ಹನ್ನೆರಡು ದಿನಕ್ಕೆ ಕೊನೆಯ ವಾದ. ಅದರಾಚೆ ಕೊಲೆಗೆ ಇರುವ ಶಿಕ್ಷೆ.

ಮನೆಯಲ್ಲಿ ಅತ್ತೆ ನೀಲವ್ವ ಪ್ರತಿ ಗುರುವಾರ ಬುತ್ತಿ ಕಟ್ಟಿಕೊಂಡು ಜೈಲಿಗೆ ಹೋಗಿ ಬರುತ್ತಿದ್ದಳು. ಒಬ್ಬ ಮಗ ಸತ್ತ, ಇನ್ನೊಬ್ಬ ಅವನನ್ನು ಕೊಂದ ಎಂದು ಕಾಗದ ಹೇಳುತ್ತಿತ್ತು. ಆ ಕಾಗದಕ್ಕೆ ಸೊಸೆಯ ಸಹಿ. ಸಹಿಯ ಬಗ್ಗೆ ನೀಲವ್ವ ಒಂದು ದಿನವೂ ಬೈಯಲಿಲ್ಲ. ಸಂಜೆ ಸೊಸೆ ಮನೆಗೆ ಬಂದಾಗ ಕೇಳುತ್ತಿದ್ದುದು ಒಂದೇ ಮಾತು.

"ಇವತ್ತ ಏನ ಅಂತು ನಿಮ್ಮ ಮಷೀನು?"

"ಏನೂ ಇಲ್ಲತ್ತಿ."

"ಮಾಂತ್ಯಾ ಉಣವಲ್ಲ. ರೊಟ್ಟಿ ಹಂಗ ವಾಪಸ ಬಂದ್ವು. ಮಷೀನಿಗೆ ಕೊಟ್ಟ ನೋಡು, ಅದರ ತಿಂತೇತೇನೋ."

ಶಾಂಭವಿ ಕೈಕಾಲು ತೊಳೆದು ರೊಟ್ಟಿ ತಿನ್ನುತ್ತಿದ್ದಳು. ಬೈಗುಳ ಬಿದ್ದಿದ್ದರೆ ಗಂಟಲಲ್ಲಿ ಇಳಿಯುವುದು ಇನ್ನೂ ಸುಲಭವಾಗುತ್ತಿತ್ತೇನೋ.

ಆ ವಾರ ಕುಂದಗೋಳದ ಕಡೆಯ ಒಬ್ಬ ಶಾಲಾ ಮಾಸ್ತರರು ಕೇಂದ್ರಕ್ಕೆ ಬಂದರು. ಚನ್ನವೀರಪ್ಪ ಎಂದು ಹೆಸರು. ಬಗಲಲ್ಲಿ ದಪ್ಪನೆಯ ಕಾಗದದ ಕಟ್ಟು, ಜೊತೆಗೆ ಎಂಬತ್ತರ ಆಸುಪಾಸಿನ ತಾಯಿ ಕಲ್ಲವ್ವ. ಅವರ ಕಾರು ಶಿವಯೋಗಿ ಸತ್ತ ಕಾರಿನ ಮಾದರಿಯದೇ. ಆ ಮಾದರಿಯ ಕಾರು ಊರಲ್ಲಿ ಸಾವಿರಾರು ಇದ್ದವು, ಅದರಲ್ಲಿ ವಿಶೇಷವೇನೂ ಇರಲಿಲ್ಲ.

"ನಾ ಕುಂತರ ದೀಪ ಹತ್ತಂಗಿಲ್ರಿ. ನಮ್ಮಾಕಿ ಕುಂತರೂ ಹತ್ತಂಗಿಲ್ಲ. ನಮ್ಮವ್ವ ಕುಂತು ಕಾರು ಒಂದು ಹಾರಿಗೆ ಹಾರತಂದ್ರ ಹತ್ತತೈತಿ, ಐದು ನಿಮಿಷಕ್ಕ ಕಾರು ನಿಂದರತೈತಿ. ದವಾಖಾನಿಗೆ ಕರಕೊಂಡು ಹೊಂಟರ ಮೂರು ಸಲ ನಡುಹಾದ್ಯಾಗ ನಿಂತಿತ್ರಿ."

ಕೇಂದ್ರದ ಮುಖ್ಯಸ್ಥ ವಿದ್ಯಾಧರ ಬೆಂಗಳೂರಿನಿಂದ ವರ್ಗವಾಗಿ ಬಂದವನು. ಹುಬ್ಬಳ್ಳಿಗೆ ಬಂದದ್ದೇ ತಾನು ಮಾಡಿದ ಉಪಕಾರವೆಂಬಂತೆ ನಡೆಯುತ್ತಿದ್ದ. ಕಾಗದ ನೋಡದೆಯೇ ಹೇಳಿದ: "ಅಪ್‌ಡೇಟ್ ಹಾಕಿಸಿಲ್ಲ ನೀವು. ಹಾಕಿಸಿ, ದೀಪ ಆರತ್ತೆ. ನೂರಕ್ಕೆ ನೂರು."

"ಹಾಕಿಸಬೇಕಂದ್ರ ಒಪ್ಪಿಗಿ ಗುಂಡಿ ಒತ್ತಬೇಕಲ್ರಿ."

"ಒತ್ತಿ."

"ಓದದ ಒತ್ತಂಗಿಲ್ರಿ ನಾನು. ನಲವತ್ತಾರು ಪುಟ ಐತಿ, ಎಲ್ಲಾ ಇಂಗ್ಲೀಷು. ಕನ್ನಡದಾಗ ಕೊಡ್ರಿ ಅಂತ ಕಂಪನಿಗೆ ಪತ್ರ ಬರದು ಎರಡು ವರ್ಷ ಆತು."

ವಿದ್ಯಾಧರ ನಕ್ಕ. "ಅದನ್ನ ಯಾರ್ ಓದ್ತಾರೆ ಸ್ವಾಮಿ? ನಾನೂ ಓದಿಲ್ಲ."

"ಅದಕ್ಕ ನಿಮಗ ದೀಪ ಹತ್ತಂಗಿಲ್ಲ" ಎಂದರು ಮಾಸ್ತರರು.

ಕೇಂದ್ರದ ಗೋಡೆಯ ಮೇಲೆ ಅಂಗೈ ಅಗಲದ ಅಕ್ಷರಗಳಲ್ಲಿ ಬರೆದಿತ್ತು: ಮೊದಲು ಅಪ್‌ಡೇಟ್, ಆಮೇಲೆ ತಪಾಸಣೆ. ದೂರು ಹೊತ್ತು ಬಂದ ಕಾರಿಗೆ ಮೊದಲು ಕಂಪನಿಯ ಹೊಸ ತಂತ್ರಾಂಶ ತುಂಬುತ್ತಿದ್ದರು. ದೀಪ ಆರುತ್ತಿತ್ತು. ದೀಪ ಆರಿದ ಮೇಲೆ ತಪಾಸಣೆ ಮಾಡಲು ಏನು ಉಳಿಯಿತು? ಚೀಟಿ ಹರಿದು ಕಳಿಸುತ್ತಿದ್ದರು. ಎರಡು ವರ್ಷದಲ್ಲಿ ಅಪ್‌ಡೇಟ್ ಇಲ್ಲದೆ ಒಳಗೆ ಬಂದ ಕಾರು ಇದೊಂದೇ. ಕಾರಣ ಇಷ್ಟೇ, ಒಬ್ಬ ಮಾಸ್ತರರು ಓದದೆ ಒಪ್ಪಲಿಲ್ಲ.

"ಇವ್ರದ್ದು ನೀವೇ ನೋಡ್ಕೊಳಿ ಮೇಡಂ. ಸಂಜೆಯೊಳಗೆ ಗುಂಡಿ ಒತ್ತಿಸಿ ಕಳಿಸಿಬಿಡಿ" ಎಂದು ವಿದ್ಯಾಧರ ಒಳಗೆ ಹೋದ.

ಶಾಂಭವಿ ದಾವಲಸಾಬನನ್ನು ಕರೆದಳು. ಮೂವತ್ತು ವರ್ಷ ಕಾರುಗಳ ವೈರಿಂಗ್ ಮಾಡಿದ ಕೈ ಅವನದು. ಕೇಂದ್ರದಲ್ಲಿ ಸಹಾಯಕನೆಂದು ಹೆಸರು. ಎಂ.ಟೆಕ್. ಓದಿದವರೆಲ್ಲ ಪರದೆ ನೋಡುತ್ತಿದ್ದರೆ ಕಾರು ನೋಡುತ್ತಿದ್ದವನು ಅವನೊಬ್ಬನೇ.

"ಮಂದಿ ಜ್ವರಕ್ಕ ಔಷಧ ಕೇಳಂಗಿಲ್ರಿ ಮೇಡಮ್ಮಾರ. ಜ್ವರ ನೋಡೋ ಕಡ್ಡಿ ಮುರದ ಒಗಿರಿ ಅಂತಾರ" ಎಂದು ಗೊಣಗುತ್ತ ಅವನು ಬ್ಯಾಟರಿಯ ತಂತಿ ಬಿಚ್ಚಿದ. ಪೆಟ್ಟಿಗೆಯಲ್ಲಿ ಉಳಿದ ವಿದ್ಯುತ್ತು ಇಳಿಯಲಿ ಎಂದು ಹತ್ತು ನಿಮಿಷ ಕಾದರು. ಏರ್‌ಬ್ಯಾಗಿಗೆ ಸಾಮಾನ್ಯ ಮೀಟರು ಹಚ್ಚಬಾರದು. ಮೀಟರಿನ ಅಲ್ಪ ವಿದ್ಯುತ್ತಿಗೇ ಅದು ಸಿಡಿದು ಮುಖಕ್ಕೆ ಬಡಿದೀತು. ಹಾಗಾಗಿ ಬ್ಯಾಗನ್ನು ಬಿಚ್ಚಿಟ್ಟು, ಅದರ ಜಾಗಕ್ಕೆ ವಿದ್ಯುತ್ತಿಗೆ ಬ್ಯಾಗಿನಷ್ಟೇ ತಡೆ ಒಡ್ಡುವ ಎರಡು ಓಮಿನ ಒಂದು ತುಂಡು ರೆಸಿಸ್ಟರ್ ಜೋಡಿಸಿದರು. ಬ್ಯಾಗ್ ಕೆಟ್ಟಿದ್ದರೆ ಈಗ ದೋಷ ಹೋಗಬೇಕು. ಹೋಗದಿದ್ದರೆ ತಪ್ಪು ತಂತಿಯಲ್ಲಿ.

ಬ್ಯಾಟರಿ ಮತ್ತೆ ಜೋಡಿಸಿ ಶಾಂಭವಿ ಆಸನದಲ್ಲಿ ಕಾಲು ಇಳಿಬಿಟ್ಟು ಕೂತಳು. ಕೇಂದ್ರದ ರಬ್ಬರಿನ ಬೊಂಬೆಯನ್ನೂ ಕೂರಿಸಿದಳು. ಪರದೆಯ ಮೇಲೆ ಎರಡು ಓಮು, ಸ್ಥಿರ. ದೀಪ ಹತ್ತಲಿಲ್ಲ. ದಾವಲಸಾಬ ಒಂದೊಂದೇ ತಂತಿ ಹಿಡಿದು ಅಲುಗಾಡಿಸಿದ. ಹತ್ತಲಿಲ್ಲ.

"ಅವ್ವಾರನ್ನ ಕರಿಯೂಣಲ್ರಿ" ಎಂದ ಅವನು. "ದೀಪಕ್ಕ ಅವರ ಮ್ಯಾಲ ಪ್ರೀತಿ ಐತಿ."

ಕಲ್ಲವ್ವ ಬಂದಳು. ಬಾಗಿಲ ಬಳಿ ನಿಂತು, ದೇವರ ಮನೆಗೆ ಹೋಗುವವಳಂತೆ ಚಪ್ಪಲಿ ಬಿಟ್ಟಳು. ಬಾಗಿಲ ಹಿಡಿಕೆ ಹಿಡಿದು ಮೇಲೇರಿದವಳೇ ಎರಡೂ ಕಾಲನ್ನು ಮೆತ್ತೆಯ ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ಸೆರಗು ಸರಿಮಾಡಿಕೊಳ್ಳಲು ಒಮ್ಮೆ ಎದ್ದು ಕುಳಿತಂತೆ ಮಾಡಿದಳು.

ಕೆಂಪು ದೀಪ ಹತ್ತಿತು. ಎರಡು ಓಮು ಹನ್ನೊಂದಾಯಿತು, ಮತ್ತೆ ಎರಡಾಯಿತು, ಆಮೇಲೆ ತಂತಿಯೇ ಕಡಿದಂತೆ ತೋರಿಸಿತು.

"ಅವ್ವಾ, ಕಾಲ ಇಳಿಬಿಡ್ರಿ" ಎಂದಳು ಶಾಂಭವಿ.

ಇಳಿಬಿಟ್ಟಳು. ಎರಡು ಓಮು.

"ಮೇಲೆ ತಗೋರಿ."

ತೆಗೆದುಕೊಂಡು ಮತ್ತೆ ಎದ್ದು ಸೆರಗು ಸರಿಮಾಡಿಕೊಂಡಳು. ದೀಪ.

"ಏನ ಡ್ರಿಲ್ ಮಾಡಸಾಕತ್ತಿ ಯವ್ವಾ?" ಎಂದಳು ಕಲ್ಲವ್ವ. "ಕಾಲ ಇಳಿಬಿಟ್ಟ ಕುಂತರ ನನಗ ಜೋಮ ಹಿಡಿತೈತಿ. ಅದರಾಗ ನಿಮ್ಮ ಕಾರಿನ ನೆಲ ನನ್ನ ಕಾಲಿಗೆ ಎಟಗಂಗಿಲ್ಲ. ಯಾರು ಮಾಡ್ಯಾರ ಇದನ್ನ, ಒಂಟಿ ಅಳತಿ ತಗೊಂಡು ಮಾಡ್ಯಾರೇನು?"

ದಾವಲಸಾಬ ಆಗಲೇ ಬ್ಯಾಟರಿ ದೀಪ ಹಿಡಿದು ಆಸನದ ಅಡಿಗೆ ತಲೆ ತೂರಿಸಿದ್ದ. ಅಲ್ಲಿಂದಲೇ ಕೂಗಿದ: "ಸಿಕ್ತು ನೋಡ್ರಿ ಕಳ್ಳ."

ಈ ಮಾದರಿಯಲ್ಲಿ ಏರ್‌ಬ್ಯಾಗನ್ನು ನಡೆಸುವ ಪೆಟ್ಟಿಗೆಯನ್ನು ಪ್ರಯಾಣಿಕರ ಆಸನದ ಅಡಿಯಲ್ಲೇ ಕೂರಿಸಿದ್ದರು. ಹಾಸಿನ ತಂತಿ, ಬ್ಯಾಗಿನ ತಂತಿ ಎರಡೂ ಒಂದೇ ಹಳದಿ ಕನೆಕ್ಟರಿನೊಳಗೆ ಸೇರಿದ್ದವು. ಕಾಲು ಇಳಿಬಿಟ್ಟು ಕೂತರೆ ಭಾರ ತೊಡೆಯುದ್ದಕ್ಕೂ ಹಂಚಿಹೋಗುತ್ತದೆ. ಕಾಲು ಮಡಚಿ ಕೂತರೆ ಇಡೀ ಮನುಷ್ಯನ ಭಾರ ನಡುವೆ ಒಂದು ಗೇಣಿನಷ್ಟು ಜಾಗದ ಮೇಲೆ ಇಳಿಯುತ್ತದೆ. ಮೆತ್ತೆಯ ಸ್ಪ್ರಿಂಗು ಕೆಳಗೆ ಜಗ್ಗಿ ಹಳದಿ ಕನೆಕ್ಟರಿನ ನೆತ್ತಿಗೆ ತಾಗುತ್ತದೆ. ಕಾರು ಕುಲುಕಿದರೆ ಒಳಗಿನ ಪಿನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ಕನೆಕ್ಟರಿನ ಮೇಲೆ ಸ್ಪ್ರಿಂಗು ಕೊರೆದ ಗೀರು ಸ್ಪಷ್ಟವಾಗಿತ್ತು.

ಕಂಪನಿಯ ಪ್ರಯೋಗಶಾಲೆಯಲ್ಲಿ ಈ ಆಸನವನ್ನು ಲಕ್ಷ ಸಲ ಪರೀಕ್ಷಿಸಿದ್ದರಂತೆ. ಲಕ್ಷ ಸಲವೂ ಕಾಲು ಇಳಿಬಿಟ್ಟು ಕೂತ ಬೊಂಬೆಯನ್ನಿಟ್ಟು. ಅನ್ನದ ಮುಂದೆ, ಪುರಾಣದ ಮುಂದೆ, ಅಂಗಡಿಯ ಗಲ್ಲೆಯ ಮೇಲೆ ಹುಟ್ಟಿದಂದಿನಿಂದ ಕಾಲು ಮಡಚಿ ಕೂರುವ ಜನಕ್ಕೆ ಆ ಕಾರನ್ನು ಮಾರಿದವರಲ್ಲಿ ಒಬ್ಬನಿಗೂ, ಮನೆಗೆ ಹೋಗಿ ತನ್ನ ತಾಯಿ ಹೇಗೆ ಕೂರುತ್ತಾಳೆಂದು ನೋಡಬೇಕೆನಿಸಿರಲಿಲ್ಲ.

"ಹಂಗಾರ ಅಪ್‌ಡೇಟ್ ಹಾಕಿದ್ರ ಈ ಪಿನ್ನು ಹ್ಯಾಂಗ ರಿಪೇರಿ ಆಗತೈತ್ರಿ?" ದಾವಲಸಾಬ ಎದ್ದು ಕೈ ಒರೆಸಿಕೊಂಡ. "ದೀಪ ಅಂತೂ ಆರತೈತಿ."

ಮಾಸ್ತರರು ಕಾಗದದ ಕಟ್ಟು ಬಿಚ್ಚಿದರು.

"ಮೂವತ್ತೊಂದನೇ ಪುಟ ನೋಡ್ರಿ. ಡಿಕ್ಷನರಿ ಇಟಗೊಂಡು ಓದೇನಿ. ಇದೊಂದು ಸಾಲು ತಿಳೀವಲ್ದು. ಆಸನದ ಸಂಕೇತ ಅಸ್ಥಿರವಾದಲ್ಲಿ ಆಸನವನ್ನು ಖಾಲಿ ಎಂದು ಪರಿಗಣಿಸಲು ಬಳಕೆದಾರರು ಒಪ್ಪುತ್ತಾರೆ. ಇದರ ಅರ್ಥ ಏನಂತ ಕೇಳಿ ಎರಡು ಪತ್ರ ಬರದೇನ್ರಿ. ನಮ್ಮವ್ವ ಕುಂತಿರತಾಳ. ಖಾಲಿ ಅಂತ ನಾ ಹ್ಯಾಂಗ ಒಪ್ಪಲಿ?"

ಶಾಂಭವಿ ಆ ಸಾಲನ್ನು ಎರಡು ಸಲ ಓದಿದಳು. ಎದ್ದು ಅಂಗಳಕ್ಕೆ ಹೋದಳು. ಅಲ್ಲಿ ಕೇಂದ್ರದ್ದೇ ಒಂದು ಕಾರಿತ್ತು. ಅದೇ ಮಾದರಿ, ಹೊಸ ತಂತ್ರಾಂಶ ತುಂಬಿದ್ದು. ಚಪ್ಪಲಿ ಬಿಟ್ಟು ಮುಂದಿನ ಆಸನದಲ್ಲಿ ಕಾಲು ಮಡಚಿ ಕೂತು ಒಮ್ಮೆ ಮೈ ಕುಲುಕಿದಳು.

ದೀಪ ಹತ್ತಲಿಲ್ಲ. ಪರದೆಯ ಮೇಲೆ ಅಕ್ಷರ ಬಂತು. ಮುಂದಿನ ಆಸನ: ಖಾಲಿ.

ಇನ್ನೊಮ್ಮೆ ಕುಲುಕಿದಳು. ಖಾಲಿ.

ಕಂಪನಿ ಪಿನ್ನನ್ನು ಸರಿಮಾಡಿರಲಿಲ್ಲ. ಅದಕ್ಕೆ ಸಾವಿರಾರು ಕಾರುಗಳ ಆಸನ ಬಿಚ್ಚಬೇಕಿತ್ತು. ಬದಲಿಗೆ ಮನುಷ್ಯನನ್ನು ತೆಗೆದುಹಾಕಿತ್ತು. ಮನುಷ್ಯನೇ ಇಲ್ಲದಿದ್ದರೆ ದೀಪ ಬೇಕಿಲ್ಲ, ಬ್ಯಾಗ್ ಉಬ್ಬಬೇಕಿಲ್ಲ. ದೂರು ಕೊಡಲೂ ಯಾರೂ ಉಳಿಯುವುದಿಲ್ಲ.

ಶಿವಯೋಗಿ ಕಾರು ಹತ್ತಿದ ಎರಡನೆಯ ನಿಮಿಷಕ್ಕೇ ಕಾಲು ಮೇಲೆ ಎಳೆದುಕೊಳ್ಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವಳಿಗೆ ಅದು ನಾಚಿಕೆ ತರುತ್ತಿತ್ತು, ಗಿರಣಿಯ ಗಲ್ಲೆಯಿಂದ ಎದ್ದು ಬಂದ ಹಾಗೆ ಕೂರಬೇಡ ಎಂದಿದ್ದಳು. ಮೋರಿಯ ಕಲ್ಲಿಗೆ ಬಡಿಯುವ ಕ್ಷಣದಲ್ಲಿ, ಇದೇ ಅಪ್‌ಡೇಟ್ ತುಂಬಿದ್ದ ಅವರ ಕಾರು ಅವನನ್ನು ಕಾಣಲಿಲ್ಲ. ತಮ್ಮ ಎತ್ತಿ ತಂದು, ಕಾಲು ನೀಡಿಸಿ ಮಲಗಿಸಿದ ಮೇಲೆ ಅದು ಅವನನ್ನು ವಯಸ್ಕನೆಂದು ಗುರುತಿಸಿತು. ಸತ್ತ ಮೇಲೆ.

ಅವಳಿಗೆ ಅಳು ಬರಲಿಲ್ಲ. ಆ ಪರದೆಯ ಮೇಲೆ ಉಗುಳಬೇಕೆನಿಸಿತು. ಕಾಲು ಇಳಿಸಿದಳು. ಮುಂದಿನ ಆಸನ: ವಯಸ್ಕ. ಅದರ ಮನ್ನಣೆ ಅವಳಿಗೆ ಬೇಕಿರಲಿಲ್ಲ. ಇಳಿದು ಬಂದಳು.

ವಿದ್ಯಾಧರ ಪೂರ್ತಿ ಕೇಳಿದ. ಕೇಳುವಾಗ ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸಿದ.

"ನೋಡಿ ಮೇಡಂ, ನಿಮ್ಮ ದುಃಖ ನನಗೆ ಅರ್ಥ ಆಗತ್ತೆ."

"ದುಃಖದ ವಿಷಯ ಅಲ್ಲ ಸರ್. ಪಿನ್ನಿನ ವಿಷಯ."

"ಒಂದು ಕಾರು ಹಿಡ್ಕೊಂಡು ಇಷ್ಟು ದೊಡ್ಡ ಮಾತು ಆಡಬಾರದು. ಈ ಎರಡು ವರ್ಷದಲ್ಲಿ ನಾವು ಕೊಟ್ಟ ಸರ್ಟಿಫಿಕೇಟುಗಳ ಗತಿ ಏನು? ಜೈಲಿನಲ್ಲಿ ಇರೋರು ಎಷ್ಟು ಜನ, ಬಿಟ್ಟು ಹೋದೋರು ಎಷ್ಟು ಜನ... ನಾನು ಸಹಿ ಮಾಡಲ್ಲ. ನೀವು ಮಾಡಿದ್ರೆ ನಾಳೆಯಿಂದ ಬರಬೇಡಿ. ಆ ಮಾಸ್ತರಿಗೆ ಗುಂಡಿ ಒತ್ತಿಸಿದ್ರಾ?"

"ಇಲ್ಲ."

"ಅವರ ಅಮ್ಮನಿಗೆ ನೆಟ್ಟಗೆ ಕೂರೋದು ಹೇಳ್ಕೊಟ್ಟು ಕಳ್ಸಿ, ಅಷ್ಟೇ. ಇದಕ್ಕೆ ಅರ್ಧ ದಿನ!"

ಶಾಂಭವಿ ಅವನನ್ನು ನೋಡಿದಳು. ಅವನು ಕೆಟ್ಟವನಾಗಿದ್ದರೆ ದ್ವೇಷಿಸಲು ಏನಾದರೂ ಸಿಗುತ್ತಿತ್ತು. ಅವನಲ್ಲಿ ಅಷ್ಟೂ ಇರಲಿಲ್ಲ. ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಪೆನ್ನುಗಳ ಸಾಲಿನಲ್ಲಿ ಇಟ್ಟು ಹೊರಗೆ ಬಂದಳು.

ಮನೆಯಲ್ಲಿ ನೀಲವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಶಾಂಭವಿ ಎದುರು ಕೂತು ಎಲ್ಲ ಹೇಳಿದಳು. ಸ್ಪ್ರಿಂಗು, ಪಿನ್ನು, ಮೂವತ್ತೊಂದನೆಯ ಪುಟ. ನೀಲವ್ವನ ಕೈ ನಿಂತಿತು.

"ಹಿಂಗ ಕಾಲ ಮಡಚಿ ಕುಂತಿದ್ದಕ್ಕ ಮಷೀನಿಗೆ ಅಂವ ಕಾಣಲಿಲ್ಲ?"

"ಹೌದತ್ತಿ."

"ಶಿವ್ಯಾ ಹೊಟ್ಟ್ಯಾಗಿದ್ದಾಗೂ ಹಂಗ ಕುಂತಿದ್ದ. ಇದನ್ನ ತಿಳಕೊಳ್ಳಾಕ ನಿನಗ ನಾಕು ತಿಂಗಳು ಬೇಕಾತು." ನೀಲವ್ವ ಧ್ವನಿ ಏರಿಸಲಿಲ್ಲ. "ಮಷೀನ ಕೇಳಿದಿ. ಮಾಂತ್ಯಾನ ಕೇಳಲಿಲ್ಲ. ನನ್ನರ ಕೇಳಿದ್ಯಾ? ಅಂವ ಹ್ಯಾಂಗ ಕುಂದ್ರತಿದ್ದ ಅಂತ ನನಗ ಗೊತ್ತಿತ್ತು, ನಿನಗೂ ಗೊತ್ತಿತ್ತು."

ಈ ಮಾತಿಗೆ ಯಾವ ಮೀಟರೂ ಬೇಕಿರಲಿಲ್ಲ. ನೀಲವ್ವ ಮೆಣಸಿನಕಾಯಿಯ ಮೊರವನ್ನು ಅತ್ತ ಸರಿಸಿದಳು.

"ಈಗ ಏನ ಮಾಡಬೇಕ ಹೇಳು."

ಕಾಯ್ದೆಯಲ್ಲಿ ಯಾರೂ ಬಳಸದ ಒಂದು ಕಲಮಿತ್ತು. ಸತ್ತವರ ಹೆಂಡತಿ ಅಥವಾ ಮಕ್ಕಳು ಕೇಳಿದರೆ ನ್ಯಾಯಾಲಯ ತನ್ನ ಕಣ್ಣೆದುರಿಗೇ ಮರುಪರೀಕ್ಷೆ ಮಾಡಿಸಬಹುದು. ಆದರೆ ಅದಕ್ಕೆ ಶಾಂಭವಿ ಮೊದಲು ತನ್ನ ಹೇಳಿಕೆಯನ್ನು ಹಿಂತೆಗೆದುಕೊಳ್ಳಬೇಕು. ಕಟಕಟೆಯಲ್ಲಿ ನಿಂತು ಅವಳು ಅದನ್ನು ಹೇಳಿದಾಗ ಸರಕಾರಿ ವಕೀಲ ಎದ್ದು ನಿಂತ.

"ತಾವು ಎಂ.ಟೆಕ್. ಓದಿದವರು. ದಾಖಲೆ ಸತ್ಯ ಎಂದು ಸಹಿ ಮಾಡಿದವರು. ಈಗ ಮೈದುನನ ಮೇಲೆ ಕನಿಕರ ಬಂದು ಸುಳ್ಳು ಎನ್ನುತ್ತೀರಿ?"

"ಕನಿಕರದಿಂದ ಅಲ್ಲ. ಆಗ ಪರೀಕ್ಷೆ ಮಾಡದೆ ಸಹಿ ಮಾಡಿದೆ. ಈಗ ಪರೀಕ್ಷೆ ಮಾಡಿದ್ದೇನೆ."

"ಕಾರು ತರಿಸಲು ಸಮಯ ಬೇಕೆ?" ಎಂದು ನ್ಯಾಯಾಧೀಶೆ ಕೇಳಿದರು.

"ಬೇಡ ಮೇಡಂ. ವಕೀಲರು ಬಂದಿರುವುದು ಅದೇ ಮಾದರಿಯ ಕಾರಿನಲ್ಲಿ. ಹೊರಗೆ ನಿಂತಿದೆ."

ಸಭೆಯಲ್ಲಿ ಯಾರೋ ನಕ್ಕರು. ವಕೀಲನೂ ನಕ್ಕ. ತನ್ನ ಕಾರಿನ ಮೇಲೆ ಅವನಿಗೆ ಪೂರ್ತಿ ಭರವಸೆಯಿತ್ತು. ಅಪ್‌ಡೇಟ್‌ಗಳನ್ನೆಲ್ಲ ಬಂದ ದಿನವೇ ಹಾಕಿಸಿದ್ದ.

ಬಿಸಿಲಲ್ಲಿ ಎಲ್ಲರೂ ಕಾರಿನ ಸುತ್ತ ನಿಂತರು. ಮಹಾಂತೇಶನನ್ನು ಇಬ್ಬರು ಪೊಲೀಸರು ಹಿಡಿದಿದ್ದರು. ನೀಲವ್ವ ಹತ್ತಿ ಕಾಲು ಮಡಚಿ ಕೂತಳು. ಪರದೆ ಹೇಳಿತು: ವಯಸ್ಕ. ವಕೀಲ ಕೈ ಚಾಚಿ ನ್ಯಾಯಾಧೀಶೆಗೆ ಅದನ್ನು ತೋರಿಸಿದ, ತಾನೇ ಬರೆದ ಅಕ್ಷರವೆಂಬಂತೆ.

ಶಾಂಭವಿ ಆಸನದ ಅಡಿಗೆ ಬಗ್ಗಿ ನೋಡಿದಳು. ದಾವಲಸಾಬ ರಜೆ ಹಾಕಿ ಬಂದಿದ್ದ. ಹಿಂದಿನಿಂದ ಕೂಗಿದ: "ಕಾರು ನಿಂತಲ್ಲೇ ನಿಂತೈತಲ್ರಿ ಸಾಹೇಬ್ರ. ಅಣ್ಣಿಗೇರಿ ರೋಡು ಹಿಂಗ ಎಣ್ಣಿ ಹಚ್ಚಿದಂಗ ಐತೇನು?"

ಶಾಂಭವಿ ಬಾನೆಟ್ಟಿನ ಮೇಲೆ ಎರಡೂ ಕೈಯೂರಿ ಬಲವಾಗಿ ಒತ್ತಿ ಬಿಟ್ಟಳು. ಕಾರು ಕುಲುಕಿತು. ನೀಲವ್ವನೂ ಕುಲುಕಿದಳು.

ಮುಂದಿನ ಆಸನ: ಖಾಲಿ.

ನ್ಯಾಯಾಧೀಶೆ ಬಾಗಿ ಪರದೆ ನೋಡಿದರು, ನೀಲವ್ವನನ್ನು ನೋಡಿದರು, ಮತ್ತೆ ಪರದೆ ನೋಡಿದರು.

"ಆಸನದಲ್ಲಿ ಯಾರಿದ್ದಾರೆ ವಕೀಲರೇ?"

ವಕೀಲ ಗಂಟಲು ಸರಿಮಾಡಿಕೊಂಡ. ಹದಿನೈದು ವರ್ಷದ ರೂಢಿ ನಾಲಗೆಯನ್ನು ಎಳೆಯಿತು. "ದಾಖಲೆಯ ಪ್ರಕಾರ... ಯಾರೂ ಇಲ್ಲ."

"ಹಂಗಾರ ನಾ ಯಾರೋ ಯಪ್ಪಾ?" ನೀಲವ್ವ ಕೇಳಿದಳು. "ಖಾರಪುಡಿ ಗಂಟೇನು?"

ಈ ಸಲ ನಕ್ಕವರಲ್ಲಿ ಪೊಲೀಸರೂ ಇದ್ದರು. ಮಹಾಂತೇಶ ನಗಲಿಲ್ಲ. ಅವನು ಶಾಂಭವಿಯನ್ನೇ ನೋಡುತ್ತಿದ್ದ.

ಶಿವಯೋಗಿ ಸತ್ತ ಕಾರಿನ ಕನೆಕ್ಟರನ್ನು ಠಾಣೆಯ ಗುಜರಿಯಿಂದ ತರಿಸಿದರು. ಅದರ ನೆತ್ತಿಯ ಮೇಲೂ ಅದೇ ಗೀರಿತ್ತು. ಒಡೆದ ಗಾಜನ್ನು ನಾಲ್ಕು ತಿಂಗಳ ಮೇಲೆ ಮೊದಲ ಸಲ ಒಬ್ಬರು ನೋಡಿದರು. ಒಳಗಿನಿಂದ ಒಡೆದದ್ದು. ಇದಕ್ಕೆ ಇನ್ನೂ ಮೂರು ವಾರ ಹಿಡಿಯಿತು. ಕಂಪನಿ ಆ ಮೂರು ವಾರದಲ್ಲಿ ತುರ್ತು ಕ್ರಮ ಕೈಗೊಂಡಿತು. ಕಾಲು ಇಳಿಬಿಟ್ಟು ಕೂರಿ ಎಂದು ಐದು ಭಾಷೆಗಳಲ್ಲಿ ಚೀಟಿ ಅಚ್ಚು ಹಾಕಿಸಿ ಎಲ್ಲ ಕಾರುಗಳಿಗೆ ಅಂಟಿಸಿತು. ವಿದ್ಯಾಧರ ಆ ಚೀಟಿಯ ಬಿಡುಗಡೆ ಸಮಾರಂಭದಲ್ಲಿ ಮಾತಾಡಿದ.

ಮಹಾಂತೇಶ ಬಿಡುಗಡೆಯಾದ ದಿನ ಅತ್ತೆ ಸೊಸೆ ಇಬ್ಬರೂ ಜೈಲಿನ ಬಾಗಿಲಿಗೆ ಹೋದರು. ಅವನು ಗಡ್ಡ ಬಿಟ್ಟು ಸೊರಗಿದ್ದ. ನೀಲವ್ವ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಮೂವರೂ ಬಸ್ ನಿಲ್ದಾಣದ ಕಡೆ ನಡೆದರು. ಅರ್ಧ ದಾರಿಯಲ್ಲಿ ಅವನು ಅತ್ತಿಗೆಯನ್ನು ಕೇಳಿದ.

"ವೈನಿ, ಆ ಕಾಗದಕ್ಕ ಸಹಿ ಮಾಡಿದ್ರಲ್ಲ, ಓದಿ ಮಾಡಿದ್ರೋ, ಓದದ ಮಾಡಿದ್ರೋ?"

ಓದಲಿಲ್ಲ ಎಂದರೆ ಮುಗಿಯುತ್ತಿತ್ತು. ಗಂಡ ಸತ್ತ ಮೂರನೆಯ ದಿನ, ಯಾವ ಹೆಂಗಸು ಓದುತ್ತಾಳೆ? ಅವನು ಒಪ್ಪುತ್ತಿದ್ದ. ನೀಲವ್ವನೂ ಒಪ್ಪುತ್ತಿದ್ದಳು. ಅತ್ತೆಯ ಕಾಲಿನ ವೇಗ ಕಡಿಮೆಯಾದದ್ದು ಆ ಉತ್ತರಕ್ಕೆ ಕಾಯುತ್ತಲೇ ಇರಬೇಕು.

"ಓದಿ ಮಾಡಿದೆ" ಎಂದಳು ಶಾಂಭವಿ. "ಎರಡು ಸಲ ಓದಿದೆ. ನೀನೇ ಕೊಂದಿ ಅಂತ ನಂಬಿದ್ದೆ."

ಮಹಾಂತೇಶ ತಲೆಯಾಡಿಸಿದ.

"ನನ್ನ ಮ್ಯಾಲಿನ ಕಾಗದಕ್ಕ ಹನ್ನೆರಡು ಮಂದಿ ಸಹಿ ಇತ್ರಿ. ಹನ್ನೊಂದು ಮಂದಿ ಓದದ ಮಾಡಿದವರು. ಓದಿದವ್ರು ನೀವೊಬ್ರ."

ಅದರಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಅಷ್ಟು ದಿನ ತಾನು ಊರಿಗೆಲ್ಲ ಹಂಚುತ್ತ ಬಂದ ತಿರಸ್ಕಾರದಲ್ಲಿ ತನ್ನ ಪಾಲನ್ನು ಶಾಂಭವಿ ನಿಂತೇ ತೆಗೆದುಕೊಂಡಳು.

ಬಸ್ಸು ಬಂತು. ಜನ ನುಗ್ಗಿದರು. ಮಹಾಂತೇಶ ತಾಯಿಯ ರಟ್ಟೆ ಹಿಡಿದು ಮೇಲೆ ಹತ್ತಿಸಿ ತಾನೂ ಹತ್ತಿದ. ಕಂಡಕ್ಟರ್ ಬಾಗಿಲಿಗೆ ಅಡ್ಡ ಕೈಯಿಟ್ಟು, ಗದ್ದಲದ ಮೇಲೆ ಕೂಗಿ ಕೇಳಿದ.

"ಎಷ್ಟು ಮಂದಿ ಅದೀರಿ?"

ಮಹಾಂತೇಶ ಹಿಂದೆ ತಿರುಗಿ, ಇನ್ನೂ ನೆಲದ ಮೇಲೆ ನಿಂತಿದ್ದ ವೈನಿಯನ್ನು ನೋಡಿದ.

"ಮೂರು" ಎಂದ.